ಗಾಳಿಯ ಕಣ್ಣು, ಅವ್ವನ ಒಲೆ

ತಿಳಿದದ್ದನ್ನು ತಿಳಿದ ಕೂಡಲೇ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೇಳಿದ ಮೇಲೆ ಕೇಳಿದವರಿಗೆ ಊಟ ಸೇರುವುದಿಲ್ಲ. ಅದು ಬೇರೆ ಮಾತು. ಶಾಲೆಯಲ್ಲಿ ನನಗೆ ಕಲಿಸಿದ್ದು ಉರ್ದು. ಇಂಗ್ಲಿಷ್ ಕಲಿಸಿದ್ದು ಒಂದು ದಪ್ಪ ನಿಘಂಟು. ಗಂಗಾವತಿ ಸಂತೆಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬ ಪೊಟ್ಟಣ ಕಟ್ಟಲು ಅದನ್ನು ಹರಿಯುತ್ತಿದ್ದ, ಬೇಡಿ ತಂದೆ. ಮೊದಲಿನ ಅಕ್ಷರಗಳೆಲ್ಲ ಅಷ್ಟರಲ್ಲಿ ಬೆಲ್ಲದ ಜೊತೆ ಊರೂರು ಸೇರಿದ್ದವು. ಹಾಗಾಗಿ ಆನೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಕಿಡಕಿಯ ಬಗ್ಗೆ ಕೇಳಿ, ನನ್ನನ್ನು ನಿಲ್ಲಿಸುವುದೇ ಕಷ್ಟ.

ಏಕೆಂದರೆ ಅವರ ‘ವಿಂಡೋ’ ಇಂಗ್ಲಿಷರದೇ ಅಲ್ಲ! ಉತ್ತರದ ಕಡಲಿನಿಂದ ಹಡಗಿನಲ್ಲಿ ಬಂದ ಜನ ಬಿಟ್ಟುಹೋದದ್ದು. ಅವರ ಹಳೆಯ ಮಾತಿನಲ್ಲಿ ಅದು ‘ವಿಂಡೌಗ’. ವಿಂಡ್ ಎಂದರೆ ಗಾಳಿ, ಔಗ ಎಂದರೆ ಕಣ್ಣು. ಗಾಳಿಯ ಕಣ್ಣು! ನಾರ್ವೆಯವರು ಸವೆಸಿ ಸವೆಸಿ ‘ವಿಂಡು’ ಮಾಡಿಕೊಂಡರು. ಡೆನ್ಮಾರ್ಕಿನವರು ಬರೆಯುವಾಗಲಾದರೂ ‘ವಿಂಡುಎ’ ಎಂದು ಬಾಲ ಉಳಿಸಿಕೊಂಡರು. ಸ್ವೀಡನ್ನಿನವರು ಮಾತ್ರ ನೆರೆಯ ಜರ್ಮನರಿಂದ ‘ಫೆನ್‌ಸ್ಟರ್’ ಎರವಲು ತಂದರು, ನಾವು ಹಿಂದೂಸ್ತಾನಿಯಿಂದ ಕಿಡಕಿ ತಂದ ಹಾಗೆ. ಮೊದಲಿಗೆ ಅದು ಗೋಡೆಯಲ್ಲಿರಲಿಲ್ಲವಂತೆ, ಮಾಡಿನಲ್ಲಿ ಹೊಗೆ ಹೋಗುವ ಕಿಂಡಿಯಂತೆ. ಅಂದರೆ ನಮ್ಮ ಬೆಳಕಿಂಡಿಯೇ! ಓದಿದ ದಿನ ಕುಣಿದುಬಿಟ್ಟೆ.

ಅವ್ವ ಕುಣಿಯಲಿಲ್ಲ. ನಮ್ಮ ಮಣ್ಣಿನ ಮಾಳಿಗೆಯ ಅಡಿಗೆಮನೆಗೆ ಇರುವುದು ಅದೊಂದೇ ಕಿಂಡಿ. ಮಳೆ ಬಂದರೆ ಅದಕ್ಕೂ ಮೇಲೆ ಹತ್ತಿ ಕಲ್ಲು ಮುಚ್ಚಬೇಕು. ಹತ್ತಿಕಟ್ಟಿಗೆಯ ಹೊಗೆಗೆ ಅವ್ವನ ಕಣ್ಣು ಕೆಂಪಾಗಿ, ಈಚೆಗೆ ಜೋಳದೊಳಗಿನ ಹರಳೂ ಕಾಣದಂತಾಗಿತ್ತು. ಗೋಡೆಗೊಂದು ಕಿಡಕಿ ಬೇಕೇ ಬೇಕು. ಆದರೆ ಗೋಡೆಯಾಚೆ ಅಪ್ಪನ ದಾಯಾದಿ ಶರಣಪ್ಪ ಕಾಕಾನ ಹಿತ್ತಲು. ಅವರು ಹೂಂ ಅನ್ನದೆ ಆ ಕಡೆಗೆ ಗೋಡೆ ಒಡೆಯುವಂತಿಲ್ಲ. ಕೇಳಿ ಬರಲು ಅವ್ವ ನನ್ನನ್ನು ಕಳಿಸಿದಳು. ಮಾತು ಬಲ್ಲ ಮಗ ನೋಡಿ.

“ಹೊಗಿ ಹೋಗಾಕಲ್ಲೇನೋ? ಒಂದು ತೂತು ಕೊರಕೊಂಡ್ರ ನನ್ನ ಗಂಟೇನು ಹೋಗ್ತೈತಿ? ಅಮಾಸಿ ಕಳೀಲಿ, ಕೊರೀರಿ,” ಎಂದರು ಕಾಕಾ.

ಮಜ್ಜಿಗೆ ಕುಡಿದು ಅಲ್ಲಿಗೆ ಏಳಬೇಕಿತ್ತು.

“ತೂತು ಅನಬ್ಯಾಡ್ರಿ ಕಾಕಾ. ಅದು ಗಾಳಿ ಕಣ್ಣು!” ಎಂದು ಶುರುಮಾಡಿ ನಾರ್ವೆ, ಡೆನ್ಮಾರ್ಕು ಎಲ್ಲ ಸುತ್ತಿಸಿ ತಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಕಾನ ಬೆರಳು ನಿಂತಿತು.

“ಅಷ್ಟೂ ದೇಶದಾಗ ಅದಕ್ಕ ಕಣ್ಣಂತಾರ?”

“ಹೌದ್ರಿ!” ಎಂದೆ ಹಿಗ್ಗಿನಿಂದ. ಇಷ್ಟು ಗಮನವಿಟ್ಟು ನನ್ನ ಮಾತು ಕೇಳಿದವರು ಅವರೊಬ್ಬರೇ.

“ಅಷ್ಟು ಮಂದಿ ಶ್ಯಾಣ್ಯಾರು ಸುಳ್ಳು ಹೇಳ್ತಾರೇನು? ಹಿತ್ತಲದಾಗ ನಮ್ಮ ಸೊಸ್ತ್ಯಾರು ಜಳಕಾ ಮಾಡ್ತಾರ. ಎಮ್ಮಿ ಈಗಷ್ಟ ಈದೈತಿ. ಅದರ ಮ್ಯಾಲೆ ನಿಮ್ಮ ಮನಿ ಕಣ್ಣು ಇಡಸ್ತೀಯೇನಲೇ? ಏನೂ ಬ್ಯಾಡ, ಹೋಗಪಾ.”

ಮನೆಗೆ ಬಂದೆ. ಅವ್ವ ಊದುಗೊಳವೆ ಕೆಳಗಿಟ್ಟಳು.

“ಹೂಂ ಅಂದ್ರೇನು?”

“ಅಂದಿದ್ರವ್ವಾ.”

“ಮತ್ತ?”

“ನಾ ಇನ್ನೊಂದು ಸ್ವಲ್ಪ ಮಾತಾಡಿದೆ.”

ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ದೇಶದಾಗ ಒಲಿ ಊದೋರು ಅದಕ್ಕ ಏನಂತಿದ್ರಪಾ? ಅದನ್ನೂ ಬರದಾರೇನು?” ಎಂದು ಮತ್ತೆ ಒಲೆಗೆ ಬಾಗಿದಳು. ಹುಡುಕಿದೆ. ಬರೆದಿಲ್ಲ.

ಆಮೇಲೆ ಎರಡು ಸಲ ಕಾಕಾನ ಬಳಿ ಹೋಗಿ, ಅದು ಬರೀ ತೂತು, ಬೇರೇನೂ ಅಲ್ಲ ಎಂದು ಆಣೆ ಮಾಡಿದೆ. ಕಲಿತದ್ದನ್ನು ನಾನು ಮರೆತರೂ ಅವರು ಮರೆಯಲಿಲ್ಲ.

ಮೊನ್ನೆ ಮೋಡ ಕವಿದಾಗ ಅವ್ವ ಕೂಗಿದಳು: “ಏ ಶ್ಯಾಣ್ಯಾ, ಮಳಿ ಬಂತು, ನಿನ್ನ ಗಾಳಿ ಕಣ್ಣು ಮುಚ್ಚು!” ಮಾಳಿಗೆ ಹತ್ತಿದೆ. ನನ್ನನ್ನು ಕಂಡದ್ದೇ ಕಾಕಾ ಹಿತ್ತಲಿನಲ್ಲಿ ಎಮ್ಮೆಯ ಮುಖವನ್ನು ಆ ಕಡೆ ತಿರುಗಿಸಿ ಕಟ್ಟಿದರು. ಕೆಳಗೆ ಅವ್ವ ಕೆಮ್ಮುತ್ತಿದ್ದಳು. ನಾಲ್ಕು ದೇಶದ ಕಿಡಕಿ ಬಲ್ಲ ನಾನು, ಮನೆಗಿದ್ದ ಒಂದು ಕಿಂಡಿಯನ್ನೂ ಮುಚ್ಚಿ ಇಳಿದು ಬಂದೆ.