ಬಿಟ್ಟಿ ಮಾರ್ಕಿನ ತೆಲುಗು

“ಮಗಳು ಏನು ಓದಬೇಕು ಅನ್ನೋದನ್ನ ಮೇಷ್ಟ್ರ ಕೈಗೆ ಬಿಡೋ ಆಸಾಮಿ ನಾನಲ್ಲ,” ಎಂದು ಕೋದಂಡಪ್ಪನವರು ಮುದ್ದೆ ಮುರಿಯುತ್ತಾ ಘೋಷಿಸಿದರು. ನಂದಿದುರ್ಗ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಅವರು ಗುಮಾಸ್ತರು. ಯಾರನ್ನು ಯಾವ ಶಿಫ್ಟಿಗೆ ಗಣಿಯೊಳಕ್ಕೆ ಇಳಿಸಬೇಕು, ಯಾರನ್ನು ಮೇಲೆತ್ತಬೇಕು ಎಂಬುದೆಲ್ಲ ತಮ್ಮ ಲೇಖನಿಯ ತುದಿಯಲ್ಲಿದೆಯೆಂದು ಅವರ ನಂಬಿಕೆ. ಮೇಲಿನ ಸಾಹೇಬರಿಗೆ ಆ ನಂಬಿಕೆ ಇರಲಿಲ್ಲ, ಅದು ಬೇರೆ ಮಾತು.

ನಯಾಪೈಸೆ ಬಂದ ಹೊಸತು. ಮಗಳು ಹೈಸ್ಕೂಲಿನಲ್ಲಿ ಆಪ್ಷನಲ್ ವಿಷಯ ಆರಿಸಿಕೊಳ್ಳಬೇಕಾದ ವರ್ಷ. ಹೆಸರಿಗೆ ಅಂಜಮ್ಮ, ಆದರೆ ಅಪ್ಪನಿಗೂ ಅಂಜುವವಳಲ್ಲ, ಆಲ್ಜೀಬ್ರಾಕ್ಕೂ ಅಂಜುವವಳಲ್ಲ. ಅವಳಿಗೆ ಬೇಕಾದ್ದು ಒಂದೇ, ಗಣಿತದ ವಿಶೇಷ ತರಗತಿ. ಅಲ್ಲಿ ಕೂತವರು ಎಲ್ಲ ವಿಷಯದಲ್ಲೂ ಪಾಸಾಗಬೇಕು, ಒಂದರಲ್ಲಿ ಬಿದ್ದರೂ ಎಬ್ಬಿಸಿ ಗೃಹವಿಜ್ಞಾನಕ್ಕೆ ಕಳಿಸುತ್ತೇವೆ ಎಂದು ಹೆಡ್‌ಮಾಸ್ಟರು ಮೊದಲೇ ಎಚ್ಚರಿಸಿದ್ದರು. ಅಂಜಮ್ಮನಿಗೆ ಒಗ್ಗರಣೆಯ ಹೊಗೆ ಕಂಡರೇ ಆಗದು.

ಕೋದಂಡಪ್ಪನವರು ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಮಗಳ ವೇಳಾಪಟ್ಟಿ ಬರೆದರು. ಬೆಳಗಿನ ಶಿಫ್ಟು ಆಲ್ಜೀಬ್ರಾ. ಮಧ್ಯಾಹ್ನದ ಶಿಫ್ಟು ಭೌತಶಾಸ್ತ್ರ. ಸಂಜೆಯ ಶಿಫ್ಟು ರಸಾಯನಶಾಸ್ತ್ರ. ಭಾಷೆಯ ಮುಂದೆ ಮಾತ್ರ ‘ರೆಸ್ಟ್’ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟರು.

ಹೆಂಡತಿ ವೆಂಕಟರತ್ನಮ್ಮ ಸೌಟು ಹಿಡಿದುಕೊಂಡೇ ಅದನ್ನು ನೋಡಿದರು. “ಬಾಸೆಗೆ ಓದೋದೇ ಬೇಡ್ವಾ?”

“ಅಲ್ಲೇ ಇರೋದು ಕಣೇ ನನ್ನ ತಲೆ. ಕನ್ನಡ ಬಿಡ್ಸಿ ತೆಲುಗು ಕೊಡಿಸ್ತೀನಿ. ನಮ್ಮಮ್ಮನ ಮಾತು, ನಮ್ಮನೆ ಮಾತು. ಓದೋ ಅಂಗೇ ಇಲ್ಲ. ಬಿಟ್ಟಿ ಮಾರ್ಕು.”

“ಅವ್ಳಿಗೆ ತೆಲುಗು ಅಕ್ಸರ ಎಲ್ಲಿ ಬತ್ತದೆ?”

“ಕನ್ನಡದ ತಲೆಕಟ್ಟನ್ನ ಒಂದಿಷ್ಟು ಸೊಟ್ಟ ಮಾಡಿದ್ರೆ ಆಯ್ತು, ತೆಲುಗು.”

“ಅಪ್ಪಾ, ನಂಗೆ ಕನ್ನಡಾನೇ ಸರಿಯಾಗಿ ಬರೋದು,” ಎಂದಳು ಅಂಜಮ್ಮ.

“ಅದಕ್ಕೇ ಕಣಮ್ಮ ಬೇಡ ಅಂದಿದ್ದು. ಬರೋದನ್ನೇ ಎಷ್ಟು ಸಲ ಓದ್ತೀಯಾ?”

ಮಾರನೆಯ ದಿನವೇ ಹೋಗಿ ಮಗಳ ಹೆಸರನ್ನು ತೆಲುಗು ಕ್ಲಾಸಿಗೆ ಬರೆಸಿ ಬಂದರು.

ನಿಜ ಹೇಳಬೇಕೆಂದರೆ ಕೋದಂಡಪ್ಪನವರ ತೆಲುಗಿಗೆ ತನ್ನದೇ ಆದ ಚರಿತ್ರೆಯಿತ್ತು. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ ತಾಯಿಯಿಂದ ಬಂದದ್ದು. ಕನ್ನಡದ ಹೆಂಡತಿ ಬಂದ ಮೇಲೆ ಅರ್ಧ ಸವೆದದ್ದು. ಗಣಿಯ ಕೆಲಸಕ್ಕೆ ಸೇರಿದ ಮೇಲೆ ಖಾಲಿಯಾದ ಜಾಗಕ್ಕೆಲ್ಲ ಅಲ್ಲಿನ ಕೂಲಿಗಳ ತಮಿಳು ತುಂಬಿಕೊಂಡದ್ದು. ಬಾಯಿ ತೆರೆದರೆ ಮೂರೂ ಭಾಷೆ ಒಟ್ಟಿಗೆ ಹೊರಡುತ್ತಿದ್ದವು. ಅವರ ಕಿವಿಗೆ ಮಾತ್ರ ಅದು ಅಪ್ಪಟ ತೆಲುಗು.

ಮೊದಲ ಪರೀಕ್ಷೆಯಾಯಿತು. ಗಣಿತದಲ್ಲಿ ಅಂಜಮ್ಮ ಇಡೀ ಶಾಲೆಗೇ ಮೊದಲು. ತೆಲುಗಿನಲ್ಲಿ ಗೋತಾ. ಅಶೋಕವನದಲ್ಲಿ ಸೀತೆಯ ಶೋಕವನ್ನು ವರ್ಣಿಸಿ ಎಂದರೆ, ಅಜ್ಜಿ ಕಥೆ ಹೇಳುತ್ತಿದ್ದ ಮಾತಿನಲ್ಲೇ ‘ಸೀತಮ್ಮ ಒಂದು ಮೂಲೇಲಿ ಕೂತು ಗೊಳೋ ಅಂದಳು’ ಎಂದು ತೆಲುಗಿನಲ್ಲಿ ಬರೆದಿದ್ದಳು. ಅದರಲ್ಲೂ ಅರ್ಧ ತಲೆಕಟ್ಟು ಸೊಟ್ಟ ಮಾಡಲು ಮರೆತಿದ್ದಳು.

ಹೆಡ್‌ಮಾಸ್ಟರು ಅವಳನ್ನು ಕರೆದು ಹೇಳಿದರು: “ಗೃಹವಿಜ್ಞಾನಕ್ಕೆ ಕಳಿಸೋಕೆ ನನಗೂ ಮನಸ್ಸಿಲ್ಲಮ್ಮ. ತೆಲುಗು ಪಂಡಿತರು ಬಿಟ್ಟುಕೊಟ್ಟರೆ ಕನ್ನಡಕ್ಕೆ ಸೇರಿಕೋ, ಗಣಿತ ಉಳಿಯುತ್ತೆ. ಸೋಮವಾರದೊಳಗೆ ಕೇಳಿಕೊಂಡು ಬಾ.”

ಮನೆಯಲ್ಲಿ ಇದನ್ನು ಕೇಳಿ ವೆಂಕಟರತ್ನಮ್ಮನವರಿಗೆ ಹೋದ ಜೀವ ಬಂದಂತಾಯಿತು. ಕೋದಂಡಪ್ಪನವರಿಗೆ ಮಾತ್ರ ಅವಮಾನ.

“ಕೋದಂಡಪ್ಪನ ಮಗ್ಳು ತೆಲುಗಿಗೆ ಎದ್ರಿ ಓಡೋದ್ಲು ಅಂತ ಆಫೀಸಲ್ಲಿ ನಗ್ಬೇಕಾ? ನಾನೇ ಪಂಡಿತ್ರ ತಾವ ಓಗ್ತೀನಿ. ಅವ್ರ ಬಾಸೇಲೇ ಮಾತಾಡಿ, ಪಾಸು ಮಾಡಿಸ್ಕೊಂಡೇ ಬತ್ತೀನಿ.”

“ಒಬ್ರೇ ಓಗ್ಬೇಡಿ,” ಎಂದರು ವೆಂಕಟರತ್ನಮ್ಮ. “ಮಗೀನ ಕರ್ಕೊಂಡೋಗಿ.”

ಪಂಡಿತರ ಮನೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ. ಅವರು ದೂರದ ತೆಲುಗು ನಾಡಿನ ರಾಜಮಹೇಂದ್ರಿಯಿಂದ ಬಂದವರು. ಊರಿನವರ ಜೊತೆ ವ್ಯವಹರಿಸಲೆಂದು ಪುಸ್ತಕ ಓದಿ ಕನ್ನಡ ಕಲಿತಿದ್ದರಿಂದ, ಸೊಪ್ಪು ಕೊಳ್ಳುವಾಗಲೂ ವ್ಯಾಕರಣ ತಪ್ಪುತ್ತಿರಲಿಲ್ಲ. ಕೋದಂಡಪ್ಪನವರು ಚಾಪೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ತಮ್ಮ ಜನ್ಮದ ಅತ್ಯುತ್ತಮ ತೆಲುಗನ್ನು ಹೊರಬಿಟ್ಟರು.

“ಪಂಡಿತುಲೂ, ಮನ ಪಾಪ ಲೆಕ್ಕಂಲೋ ಬಲೇ ಗಟ್ಟಿಗಿತ್ತಿ. ಕೊಂಜಂ ಪಾತ್ತು ಮಾರ್ಕು ಪೋಡಂಡಿ. ಪಾಸಾಯ್ತಂಟೆ ಪೋದುಂ.”

ಹುಡುಗಿ ಲೆಕ್ಕದಲ್ಲಿ ಗಟ್ಟಿಗಿತ್ತಿ, ಸ್ವಲ್ಪ ನೋಡಿ ಮಾರ್ಕು ಹಾಕಿ, ಪಾಸಾದರೆ ಸಾಕು ಎಂಬುದು ಇದರ ತಾತ್ಪರ್ಯ. ಪಂಡಿತರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ಬಹಳ ಸಂಕೋಚದಿಂದ ಕೈ ಮುಗಿದರು.

“ಕ್ಷಮಿಸಬೇಕು. ನನಗೆ ತಮಿಳು ಬಾರದು.”

ಪಂಡಿತರು ಹುಡುಗಿಯ ಕಡೆ ತಿರುಗಿದರು.

“ಮಗು, ನಿನ್ನ ತಂದೆಯವರು ಏನನ್ನು ಕೋರುತ್ತಿದ್ದಾರೆ?”

ಅಂಜಮ್ಮ ಅಪ್ಪನ ಮುಖ ನೋಡಿದಳು. ಒಂದು ಕಡೆ ಗಣಿತ, ಇನ್ನೊಂದು ಕಡೆ ಒಗ್ಗರಣೆ. ಕಣ್ಣು ಮಿಟುಕಿಸದೆ ಹೇಳಿದಳು: “ನನ್ನನ್ನ ಕನ್ನಡದ ಕ್ಲಾಸಿಗೆ ಬಿಟ್ಟುಕೊಡಿ ಅಂತ ಕೇಳ್ತಾವ್ರೆ ಸಾರ್.”

ಕೋದಂಡಪ್ಪನವರು ಹೌಹಾರಿದರು. ‘ಅಲ್ಲ, ನಾನು ಹೇಳಿದ್ದು ಬೇರೆ’ ಅನ್ನಲು ನಾಲಗೆ ತುದಿಗೆ ಬಂತು. ಆದರೆ ಯಾವ ಭಾಷೆಯಲ್ಲಿ ಅನ್ನುವುದು? ಕನ್ನಡದಲ್ಲಿ ಅಂದರೆ, ಹಾಗಾದರೆ ಆಗ ಮಾತಾಡಿದ್ದು ಯಾವುದು ಎಂದು ಪಂಡಿತರು ಕೇಳುತ್ತಾರೆ. ತೆಲುಗಿನಲ್ಲಿ ಅಂದರೆ ಅದನ್ನೂ ಮಗಳೇ ಅನುವಾದ ಮಾಡುತ್ತಾಳೆ. ಎರಡು ದಾರಿಯೂ ಮುಚ್ಚಿದವು. ಅವರು ನಿಧಾನವಾಗಿ ತಲೆಯಾಡಿಸಿದರು.

ಪಂಡಿತರ ಮುಖ ಅರಳಿತು. “ಸಂತೋಷದಿಂದ ಬಿಟ್ಟುಕೊಡುವೆನು. ಗಣಿತದಲ್ಲಿ ಇಷ್ಟು ಬುದ್ಧಿಯುಳ್ಳ ಮಗುವನ್ನು ನನ್ನ ವಿಷಯದಲ್ಲಿ ಕೆಡವಲು ನನಗೂ ನೋವಾಗಿತ್ತು. ನಾಳೆಯೇ ಹೆಡ್‌ಮಾಸ್ಟರಿಗೆ ತಿಳಿಸುವೆನು.” ಬಾಗಿಲವರೆಗೂ ಬಂದು, ತಂದೆಯನ್ನು ಕಣ್ಣಿಂದಲೇ ತೋರಿಸಿ ಅಂಜಮ್ಮನ ಕಿವಿಯಲ್ಲಿ ಇನ್ನೇನೋ ಹೇಳಿದರು. ಅವಳು ಕಷ್ಟಪಟ್ಟು ನಗು ತಡೆದುಕೊಂಡಳು.

ದಾರಿಯಲ್ಲಿ ಅಪ್ಪ ಸಿಡುಕುತ್ತಾ ಹೆಜ್ಜೆ ಹಾಕಿದರು. ಮಗಳು ಮಾತ್ರ ಕುಣಿಯುತ್ತಾ ನಡೆದಳು. ಅದನ್ನು ನೋಡುತ್ತಾ ನೋಡುತ್ತಾ ಕೋದಂಡಪ್ಪನವರ ಸಿಟ್ಟು ಎಲ್ಲೋ ಜಾರಿಹೋಯಿತು. ಗಣಿತ ಉಳಿಯಿತಲ್ಲ, ಸಾಕು.

ಮನೆ ಬಾಗಿಲಲ್ಲೇ ವೆಂಕಟರತ್ನಮ್ಮ ಕಾಯುತ್ತಿದ್ದರು. “ಏನಂದ್ರು ಪಂಡಿತ್ರು?”

“ಕನ್ನಡಕ್ಕೆ ಬಿಟ್ಕೊಟ್ರಮ್ಮ,” ಎಂದಳು ಅಂಜಮ್ಮ.

“ನಿಮ್ಮಪ್ಪನ ಮಾತು ಕೇಳಿ ಏನಂದ್ರು ಅಂದೆ.”

ಕೋದಂಡಪ್ಪನವರು ಚಪ್ಪಲಿ ಬಿಡುತ್ತಾ, ತಲೆ ಎತ್ತದೆ, ಮಗಳಿಗೆ ಸನ್ನೆ ಮಾಡಿದರು. ಅಂಜಮ್ಮ ಸನ್ನೆಯನ್ನು ಕಂಡೂ ಕಾಣದವಳಂತೆ ಹೇಳಿದಳು:

“ನಿಮ್ಮ ತಂದೆಯವರ ತಮಿಳು ಕೇಳೋಕೆ ಬಲು ಇಂಪಾಗಿದೆ, ಅದನ್ನ ನಿನಗೂ ಕಲಿಸಲು ಹೇಳು ಅಂದ್ರು.”