ಉಪಯೋಗಿಸುವ ಮುನ್ನ ಚೆನ್ನಾಗಿ ಅಲುಗಾಡಿಸಿ

ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಗೇಟಿನವರೆಗೆ ಹೋಗಿ, ಅಲ್ಲಿಂದ ಮರಳಿ ಬಂದು ನಾಲ್ಕನೆಯ ಸಲ ಜಗ್ಗುವ ಮನುಷ್ಯ ಹತ್ತೊಂಬತ್ತು ವರ್ಷ ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ ಕೊಂಡು ತಂದನೆಂದರೆ ಅದನ್ನು ಧೈರ್ಯ ಎನ್ನಬಾರದು. ಹೆದರಿಕೆ ಮಿತಿ ಮೀರಿದಾಗ ಮನುಷ್ಯ ಮಾಡುವ ಕೆಲಸಗಳಲ್ಲಿ ಅದೂ ಒಂದು.

ನಮ್ಮ ಕಂಪೌಂಡರು ಅಂಥ ಮನುಷ್ಯ. (ಆಸ್ಪತ್ರೆಯ ದಾಖಲೆಯಲ್ಲಿ ಅವರ ಹುದ್ದೆಗೆ ಇನ್ನೂ ಘನವಾದ ಹೆಸರಿದೆ. ಬೀದಿಯ ಬಾಯಲ್ಲಿ ಮಾತ್ರ ಅವರು ಕಂಪೌಂಡರೇ.) ಔಷಧಿ ಕೊಡುವ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತು, "ಊಟ ಆದ್ಮೇಲೆ", "ಊಟಕ್ಕೆ ಮುಂಚೆ", "ಬಾಟ್ಲು ಅಲುಗಾಡಿಸಿ", "ಒಳಗಿರೋ ಚೀಟಿ ಓದಿ" ಎಂದು ಹೇಳಿ ಹೇಳಿ, ಲೋಕದಲ್ಲಿ ನಡೆಯುವುದೆಲ್ಲ ಯಾವುದೋ ಒಂದರ ಅಡ್ಡಪರಿಣಾಮ ಎಂಬ ತೀರ್ಮಾನಕ್ಕೆ ಅವರು ಬಂದುಬಿಟ್ಟಿದ್ದರು.

ಅವರ ಹೆದರಿಕೆಗೆ ಒಂದು ಸಂಖ್ಯೆಯಿತ್ತು: ಹನ್ನೊಂದು. ಎರಡು ವರ್ಷದ ಹಿಂದೆ ಅವರ ಹೆಂಡತಿಗೆ ತಾನು ಗಣಿತ ಕಲಿಸುವ ಶಾಲೆಯಲ್ಲೇ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನವಿತ್ತು. ಗಂಡ ಹೆಂಡತಿ ಇಬ್ಬರೂ ಬಸ್ ಸ್ಟಾಪಿಗೆ ಹೊರಟರು. ಗೇಟಿನಿಂದ ಕಂಪೌಂಡರು ನಾಲ್ಕನೆಯ ಜಗ್ಗಿಗೆ ವಾಪಸಾದರು. ಅಷ್ಟರಲ್ಲಿ ಬಸ್ಸು ಹೋಯಿತು. ಟೀಚರಮ್ಮ ಹನ್ನೊಂದು ನಿಮಿಷ ತಡವಾಗಿ ಸಂದರ್ಶನಕ್ಕೆ ಹೋಗಿ ನಿಂತಾಗ ಶಾಲೆಯ ಡ್ರಿಲ್ ಮಾಸ್ತರು ಆಗಲೇ ಎಲ್ಲರಿಗೂ ಸಿಹಿ ಹಂಚುತ್ತಿದ್ದರು. ಆ ವಿಷಯವನ್ನು ಟೀಚರಮ್ಮ ಮನೆಯಲ್ಲಿ ಒಂದು ದಿನವೂ ಎತ್ತಿ ಆಡಲಿಲ್ಲ. ಅದೇ ಕಂಪೌಂಡರಿಗೆ ತಡೆಯಲಾಗದ್ದು. ಗಡಿಯಾರ ಹನ್ನೊಂದು ಹೊಡೆದರೂ ಯಾರೋ ತನ್ನನ್ನು ಹೆಸರು ಹಿಡಿದು ಕರೆದಂತಾಗಿ ಬೆಚ್ಚುತ್ತಿದ್ದರು.

ಈಗ ಡ್ರಿಲ್ ಮಾಸ್ತರು ನಿವೃತ್ತರಾಗುವವರಿದ್ದರು. ಸಂದರ್ಶನ ಮತ್ತೆ ಬಂದಿತ್ತು: ಇನ್ನು ಮೂರು ವಾರಕ್ಕೆ, ಬೆಳಿಗ್ಗೆ ಹತ್ತಕ್ಕೆ.

"ಈ ಸಲ ಬಸ್ಸಿನ ಸಹವಾಸವೇ ಬೇಡ. ನಾನೇ ಬಿಡ್ತೀನಿ" ಎಂದು ಘೋಷಿಸಿದ ಕಂಪೌಂಡರು, ಎರಡು ಬೀದಿ ಆಚೆಯ ನಿವೃತ್ತ ಸರ್ವೆಯರ್ ಹತ್ತಿರ ಹೋಗಿ ಗಾಡಿ ತಂದೇ ಬಿಟ್ಟರು. ಸರ್ವೆಯರ್ ಕಣ್ಣು ಒರೆಸಿಕೊಂಡು, ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕವನ್ನೂ ಕೈಗಿಟ್ಟಿದ್ದರು. "ಗಾಡಿ ಜತೆ ಬಂದಿದ್ದು. ಒಂದ್ಸಲ ಓದ್ಬಿಡಿ." ಕಂಪೌಂಡರು ಎರಡೂ ಕೈಯಲ್ಲಿ ಸ್ವೀಕರಿಸಿದರು. ಮನೆಯಲ್ಲಿ ಊಟದ ಮೇಜಿನ ಒಂದು ಕಾಲು ಗಿಡ್ಡ. ಪುಸ್ತಕ ಅದರ ಅಡಿಗೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಅಚ್ಚು ಹಾಕಿಸಿದವರ ಉದ್ದೇಶವೇ ಅದಾಗಿತ್ತೇನೋ!

ಗಾಡಿಯನ್ನು ನೋಡಿದ ಅತ್ತೆ (ಎಂದರೆ ಟೀಚರಮ್ಮನ ತಾಯಿ, ಬೆಳಗಿನ ಹೊತ್ತು ದೇವಸ್ಥಾನದಲ್ಲಿ, ಉಳಿದ ಹೊತ್ತು ಮಗಳ ಮನೆಯಲ್ಲಿ ಇರುವವರು) ಬಾಗಿಲಲ್ಲೇ ನಿಂತು ಕೇಳಿದರು:

"ಅದೇನೋ ಅಂದ್ರಲ್ಲ ಅಳಿಯಂದ್ರೇ, ಎಂಥ ಗಾಡಿ ಅಂತ?"

"ಟೂ-ಸ್ಟ್ರೋಕ್, ಅತ್ತೆ."

"ಒಂದು ಸ್ಟ್ರೋಕ್ ಹೊಡೆದ್ರೇನೇ ಮನುಷ್ಯ ಹಾಸಿಗೆಯಿಂದ ಏಳಲ್ಲ. ನೀವು ಎರಡಿರೋದನ್ನ ಮನೆಗೆ ಕರ್ಕೊಂಡು ಬಂದಿದೀರಲ್ಲ!"

"ಆಸ್ಪತ್ರೇಲಿ ಸಿಗೋದನ್ನೇ ಅಲ್ವೇನಮ್ಮ ಅವರು ತರೋದು" ಎಂದಳು ಮಗಳು.

ಮಾರನೆಯ ದಿನ ಪೆಟ್ರೋಲ್ ಬಂಕಿನ ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚೈನು ಬಿಗಿ ಮಾಡಿ, ಬ್ರೇಕು ಸರಿಮಾಡಿ, ಕಳಿಸುವಾಗ ಒಂದು ಮಾತು ಹೇಳಿದ. "ಗಟ್ಟಿ ಗಾಡಿ ಸಾರ್. ಎಣ್ಣೆ ಒಂದು ತಪ್ಪಿಸ್ಬೇಡಿ. ಇದರಲ್ಲಿ ಪೆಟ್ರೋಲ್ ಜತೆ ಎಣ್ಣೆನೂ ಸುಡ್ಬೇಕು. ಎಣ್ಣೆ ಇಲ್ದೆ ಓಡಿಸಿದ್ರೋ, ಪಿಸ್ಟನ್ ಹಿಡ್ಕೊಳುತ್ತೆ. ಹಿಂದಿನ ಚಕ್ರ ಗಕ್ಕಂತ ನಿಲ್ಲುತ್ತೆ. ಗಾಡಿ ಅಲ್ಲೇ ಇರುತ್ತೆ, ನೀವು ಮಾತ್ರ ಹೋಗ್ತಾ ಇರ್ತೀರ."

"ಎಲ್ಲಿಗೆ?"

"ಅದು ನಿಮ್ಮ ಸ್ಪೀಡಿನ ಮೇಲೆ, ಸಾರ್."

ಕಂಪೌಂಡರು ಗಾಡಿಯನ್ನು ಮನೆವರೆಗೆ ತಳ್ಳಿಕೊಂಡು ಬಂದರು. ಆ ಸಂಜೆ ಊಟದ ಮೇಜಿನ ಬಳಿ (ಅದು ಒಂದಿಷ್ಟೂ ಅಲುಗಾಡಲಿಲ್ಲ) ಹೆಂಡತಿಗೂ ಅತ್ತೆಗೂ ಪಿಸ್ಟನ್ ಹಿಡಿದುಕೊಳ್ಳುವ ಕ್ರಮವನ್ನು ನೀರಿನ ಲೋಟ ಮತ್ತು ಚಮಚದ ಸಹಾಯದಿಂದ ವಿವರಿಸಿದರು. ಚಮಚ ಲೋಟದೊಳಗೆ ಗಕ್ಕನೆ ನಿಂತಾಗ ಅತ್ತೆ ಎದೆ ಹಿಡಿದುಕೊಂಡರು. ಟೀಚರಮ್ಮ ಚಮಚವನ್ನೇ ನೋಡುತ್ತಿದ್ದಳು.

ಅಂದಿನಿಂದ ಆ ಮನೆಯಲ್ಲಿ ಎಣ್ಣೆಯ ಆರಾಧನೆ ಶುರುವಾಯಿತು. ಕಂಪೌಂಡರು ಔಷಧಿ ಅಳೆಯುವ ಗಾಜಿನ ಲೋಟ ತಂದರು. ಲೀಟರು ಪೆಟ್ರೋಲಿಗೆ ಇಪ್ಪತ್ತು ಎಂಎಲ್; ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಉಸಿರು ಹಿಡಿದು ಅಳೆದು, ಟ್ಯಾಂಕಿಗೆ ಸುರಿಯುತ್ತಿದ್ದರು. ಬೆರೆಯದಿದ್ದರೆ? ಎಣ್ಣೆ ತಳದಲ್ಲೇ ಕೂತುಬಿಟ್ಟರೆ? ಟ್ಯಾಂಕಿನ ಮೇಲೆ ಆಸ್ಪತ್ರೆಯ ಚೀಟಿಯೊಂದನ್ನು ಅಂಟಿಸಿದರು: "ಉಪಯೋಗಿಸುವ ಮುನ್ನ ಚೆನ್ನಾಗಿ ಅಲುಗಾಡಿಸಿ." ಪ್ರತಿ ಬೆಳಿಗ್ಗೆ ಹ್ಯಾಂಡಲ್ ಒಂದು ಕೈಯಲ್ಲಿ, ಹಿಂದಿನ ಕ್ಯಾರಿಯರ್ ಇನ್ನೊಂದು ಕೈಯಲ್ಲಿ ಹಿಡಿದು, ನೂರು ಕೆಜಿ ತೂಕದ ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿದ್ದರು. ಎದುರು ಮನೆಯ ಟೈಲರ್ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ.

"ಏನ್ ಕಂಪೌಂಡ್ರೇ, ನಿದ್ದೆ ಮಾಡಲ್ವಾ ಅದು?"

ನಿದ್ದೆ ಮಾಡದಿದ್ದವರು ಕಂಪೌಂಡರು. ಎಣ್ಣೆ ಹಾಕಿದೆನೇ? ಹಾಕಿದ್ದು ಇವತ್ತೋ ನಿನ್ನೆಯೋ? ಗಾಡಿ ಓಡುವಾಗಲೂ ಅವರ ಕಿವಿ ಎಂಜಿನ್ನಿನ ಎದೆಬಡಿತದ ಮೇಲೇ ಇರುತ್ತಿತ್ತು. ದಿನದಿಂದ ದಿನಕ್ಕೆ ಗಾಡಿ ಹೆಚ್ಚು ಹೆಚ್ಚು ಹೊಗೆ ಬಿಡುತ್ತಿದ್ದುದು ಅವರಿಗೆ ಸಮಾಧಾನವನ್ನೇ ತಂದಿತು. ಹೊಗೆ ಇದೆಯೆಂದರೆ ಎಣ್ಣೆ ಇದೆ. ಎಣ್ಣೆ ಇದೆಯೆಂದರೆ ಪ್ರಾಣ ಇದೆ. ಟೈಲರ್ ಮಾತ್ರ ಬಿಳಿ ಶರ್ಟುಗಳ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ.

ಸಂದರ್ಶನದ ದಿನ ಬಂತು. ಕಂಪೌಂಡರು ಬೀಗವನ್ನು ನಾಲ್ಕೂ ಸಲ ಒಟ್ಟಿಗೇ ಜಗ್ಗಿ ಮುಗಿಸಿದ್ದರು. ಒಂಬತ್ತಕ್ಕೇ ಹೊರಟರು, ದಾರಿ ಇಪ್ಪತ್ತೇ ನಿಮಿಷದ್ದು. ಇಸ್ತ್ರಿ ಮಾಡಿದ ಕೆನೆಬಣ್ಣದ ಬಟ್ಟೆಯಲ್ಲಿ ಟೀಚರಮ್ಮ ಹಿಂದೆ ಕೂತು ಫೈಲನ್ನು ಅವುಚಿಕೊಂಡಿದ್ದಳು.

ಪೆಟ್ರೋಲ್ ಬಂಕು ದಾಟುತ್ತಿದ್ದಂತೆ ಗಾಡಿ ಒಮ್ಮೆ ಕೆಮ್ಮಿತು. ಎರಡು ಸಲ ಬಿಕ್ಕಿತು. ನಿಂತಿತು.

ಕಿಕ್ಕರ್ ಹೊಡೆದರು. ಮೂವತ್ತು ಸಲ ಹೊಡೆದರು. ಚೀಟಿಯ ನೆನಪಾಗಿ ನಡುರಸ್ತೆಯಲ್ಲೇ ಗಾಡಿಯನ್ನು ತೂಗತೊಡಗಿದರು.

"ರೀ, ಸಾಕು ಬಿಡ್ರೀ! ಜನ ನೋಡ್ತಿದಾರೆ."

"ಎಣ್ಣೆ ತಳಕ್ಕೆ ಕೂತಿದೆ ಕಣೇ. ಇನ್ನೊಂದ್ ಹತ್ತು ಸಲ..."

"ಒಂಬತ್ತೂವರೆ ಆಯ್ತು!"

ಇಬ್ಬರೂ ಸೇರಿ ಮೆಕ್ಯಾನಿಕ್‌ನ ಶೆಡ್ಡಿಗೆ ತಳ್ಳಿದರು. ಅವನು ಪ್ಲಗ್ ಬಿಚ್ಚಿ ಎತ್ತಿ ಹಿಡಿದ. ಅದರ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇದು ಪ್ಲಗ್ಗಾ ಸಾರ್, ದೀಪದ ಬತ್ತಿನಾ? ಎಷ್ಟು ಎಣ್ಣೆ ಹಾಕಿದ್ರಿ?"

"ಲೀಟರಿಗೆ ಇಪ್ಪತ್ತು ಎಂಎಲ್" ಎಂದರು ಕಂಪೌಂಡರು ಗಂಭೀರವಾಗಿ. "ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ."

ಟೀಚರಮ್ಮ ಗಂಟಲು ಸರಿಮಾಡಿಕೊಂಡಳು. "ನಾನೂ ದಿನಾ ಒಂದು ಸೌಟು ಹಾಕ್ತಿದ್ದೆ."

"ನೀನಾ! ಯಾಕೆ?"

"ನೀವು ಮರೀತೀರಿ ಅಂತ. ಆ ಚಮಚ ನಿಂತಿದ್ದು ನೋಡಿದ್ಮೇಲೆ ನಂಗೆ ಮನಸ್ಸೇ ತಡೀಲಿಲ್ಲ." ಆಮೇಲೆ ಇನ್ನೂ ಮೆಲ್ಲಗೆ: "ಅಮ್ಮನೂ ಹಾಕ್ತಾಳೆ ಅನ್ಸುತ್ತೆ. ಎರಡು ದಿನ ಸೌಟು ನಾನು ಮುಟ್ಟೋ ಮುಂಚೆನೇ ಎಣ್ಣೆಯಾಗಿತ್ತು."

ಕಂಪೌಂಡರ ಎದೆ ತುಂಬಿ ಬಂತು. ಇಷ್ಟೊಂದು ಎಣ್ಣೆ, ಎಲ್ಲ ತನ್ನೊಬ್ಬನ ಪ್ರಾಣಕ್ಕಾಗಿ! ಮರುಗಳಿಗೆಯಲ್ಲೇ ಕೋಪವೂ ಬಂತು. "ಡೋಸ್ ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಹೇಳದೆ ಕೇಳದೆ ಮೂರು ಜನ ಒಂದೇ ರೋಗಿಗೆ ಔಷಧಿ ಕೊಟ್ರೆ ಏನಾಗುತ್ತೆ?"

ಮೆಕ್ಯಾನಿಕ್ ಅಷ್ಟರಲ್ಲಿ ಗಾಡಿಯ ಮಗ್ಗುಲ ಮುಚ್ಚಳ ತೆಗೆದಿದ್ದ. ಒಳಗೆ ಒಂದು ಪುಟ್ಟ ಡಬ್ಬಿ. ಅದರಲ್ಲಿ ತಿಳಿಯಾದ ಎಣ್ಣೆ.

"ಮೂರಲ್ಲ ಸಾರ್, ನಾಲ್ಕು. ಈ ಗಾಡಿಗೆ ಬೇರೆ ಎಣ್ಣೆ ಟ್ಯಾಂಕೇ ಇದೆ. ಎಷ್ಟು ಬೇಕೋ ಅಷ್ಟು ತಾನೇ ಎಳ್ಕೊಳುತ್ತೆ. ಇದು ಖಾಲಿಯಾಗದ ಹಾಗೆ ನೋಡ್ಕೊಂಡ್ರೆ ಮುಗೀತು. ಪೆಟ್ರೋಲಿಗೆ ಒಂದು ಹನಿನೂ ಹಾಕೋ ಹಾಗಿಲ್ಲ. ಪುಸ್ತಕದ ಮೊದಲನೇ ಪುಟದಲ್ಲೇ ದೊಡ್ಡಕ್ಷರದಲ್ಲಿದೆ. ಓದ್ಲಿಲ್ವಾ?"

ಕಂಪೌಂಡರ ಕಣ್ಣ ಮುಂದೆ ಊಟದ ಮೇಜಿನ ಗಿಡ್ಡ ಕಾಲು ಬಂದು ನಿಂತಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ "ಒಳಗಿರೋ ಚೀಟಿ ಓದಿ" ಎಂದವರು ಟ್ಯಾಂಕಿನ ಮೇಲಿನ ಚೀಟಿಯನ್ನು ಅಂಗೈಯಿಂದ ಮುಚ್ಚಿದರು. ಟೀಚರಮ್ಮ ಅವರನ್ನು ನೋಡಿದ ನೋಟದಲ್ಲಿ ಪ್ರಶ್ನೆಪತ್ರಿಕೆಯೂ ಇತ್ತು, ಫಲಿತಾಂಶವೂ ಇತ್ತು.

"ಒಂಬತ್ತೂ ಮುಕ್ಕಾಲು" ಎಂದಳು.

ಟ್ಯಾಂಕು ಖಾಲಿ ಮಾಡಿ ತೊಳೆಯಲು ಹೊತ್ತಿರಲಿಲ್ಲ. ಮೆಕ್ಯಾನಿಕ್ ಬೇರೆ ಪ್ಲಗ್ ಹಾಕಿ, ಹೇಗೋ ಸ್ಟಾರ್ಟ್ ಮಾಡಿಕೊಟ್ಟ. "ವಾಪಸ್ ಇಲ್ಲಿಗೆ ಬರೋ ತನಕ ಆಫ್ ಮಾಡ್ಬೇಡಿ ಸಾರ್. ರೇಸ್ ಕೊಡ್ತಾನೇ ಇರಿ."

ಹತ್ತಕ್ಕೆ ಎರಡು ನಿಮಿಷವಿದೆ ಎನ್ನುವಾಗ ಗಾಡಿ ಶಾಲೆಯ ಗೇಟು ಮುಟ್ಟಿತು. ಟೀಚರಮ್ಮ ಇಳಿದು ಓಡಿದಳು. ಕಂಪೌಂಡರು ಗೋಡೆಯ ಪಕ್ಕ, ಕಿಟಕಿಗಳ ಕೆಳಗೆ ನೆರಳು ನೋಡಿ ನಿಂತರು. ಔಷಧಿಯ ವಿಷಯದಲ್ಲಿ ಕೋರ್ಸ್ ಅರ್ಧಕ್ಕೆ ಬಿಡುವವರಲ್ಲ ಅವರು. ತಲೆ ಬಗ್ಗಿಸಿ, ಕಿವಿ ಎಂಜಿನ್ನಿಗೆ ಕೊಟ್ಟು, ನಿಲ್ಲಿಸದೆ ರೇಸ್ ಕೊಟ್ಟರು. ಕೊಡುತ್ತಲೇ ಇದ್ದರು. ನಿಂತುಬಿಟ್ಟರೆ? ಈ ಸಲವೂ ಕೆಲಸ ಸಿಗದಿದ್ದರೆ? ಆಮೇಲೆ ಇವಳನ್ನು ಯಾವ ಮುಖ ಹೊತ್ತು ಮನೆಗೆ ಕರೆದೊಯ್ಯುವುದು?

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದರು. ಶಾಲೆ ಕಾಣಲಿಲ್ಲ! ನೀಲಿಬಿಳಿ ಹೊಗೆ ಕಿಟಕಿ ಕಿಟಕಿಗಳಲ್ಲಿ ಸುಳಿಯುತ್ತಿತ್ತು. ಒಳಗೆ ಹೆಂಡತಿ! ಕಂಪೌಂಡರು ಪ್ರಾಣ ಬಾಯಿಗೆ ಬಂದವರಂತೆ ಕಿರುಚಿದರು:

"ಬೆಂಕಿ! ಬೆಂಕಿ! ಶಾಲೆಗೆ ಬೆಂಕಿ ಬಿದ್ದಿದೆ!"

(ಕಿರುಚುವಾಗಲೂ ರೇಸ್ ನಿಲ್ಲಿಸಲಿಲ್ಲ.)

ಮೊದಲು ಹೊರಗೆ ಬಂದವರು ಡ್ರಿಲ್ ಮಾಸ್ತರು. ಮೂವತ್ತು ವರ್ಷ ಮಕ್ಕಳಿಗೆ ಓಟ ಕಲಿಸಿದ್ದು ಅಂದು ಅವರಿಗೇ ಉಪಯೋಗಕ್ಕೆ ಬಂತು. ಅವರ ಹಿಂದೆಯೇ ಸಂದರ್ಶನ ಸಮಿತಿಯ ಇಬ್ಬರು ಹಿರಿಯರು. ಆಮೇಲೆ ಉದ್ದನೆಯ ಗಂಟೆ ಮೊಳಗಿತು. ತರಗತಿವಾರು, ಸಾಲುಸಾಲಾಗಿ, ಚಿಕ್ಕವರು ಮುಂದೆ ದೊಡ್ಡವರು ಹಿಂದೆ, ನಾನೂರು ಮಕ್ಕಳು ಹೊರಬಂದರು. ಎಲ್ಲರಿಗಿಂತ ಕೊನೆಗೆ, ಹಾಜರಿ ಪುಸ್ತಕಗಳನ್ನು ಎದೆಗವುಚಿಕೊಂಡು, ಒಂದಿಷ್ಟೂ ಗಾಬರಿಯಿಲ್ಲದೆ ಟೀಚರಮ್ಮ ಬಂದಳು. ಸಮಿತಿಯ ಹಿರಿಯರು ಗಡಿಯಾರ ನೋಡಿದರು.

"ಹನ್ನೊಂದೇ ನಿಮಿಷ! ಎಂಥ ಸ್ಥೈರ್ಯ ಈಯಮ್ಮಂದು!"

ಸ್ಥೈರ್ಯದ ಗುಟ್ಟು ಸರಳ. ಆ ಇಡೀ ಕಟ್ಟಡದಲ್ಲಿ ಹೊಗೆಯ ವಾಸನೆ ಹಿಡಿದು ಅದು ಯಾರದೆಂದು ಗುರುತಿಸಬಲ್ಲವಳು ಅವಳೊಬ್ಬಳೇ. "ಅದು ಬೆಂಕಿಯಲ್ಲ, ನಮ್ಮ ಯಜಮಾನರು" ಎಂದು ಸಮಿತಿಗೆ ಹೇಳುವುದಕ್ಕಿಂತ ನಾನೂರು ಮಕ್ಕಳನ್ನು ಹೊರಗೆ ಕರೆತರುವುದು ಅವಳಿಗೆ ಸುಲಭವೆನಿಸಿತ್ತು.

ಅವಳು ಹೊಗೆಯೊಳಗೆ ಬಂದು ಗಂಡನ ಪಕ್ಕ ನಿಂತು, ತುಟಿ ಅಲುಗಿಸದೆ ಹೇಳಿದಳು: "ಆಫ್ ಮಾಡಿ."

"ಬದುಕಿದೀಯಲ್ಲ, ಸದ್ಯ! ಮೆಕ್ಯಾನಿಕ್ ಆಫ್ ಮಾಡ್ಬೇಡಿ ಅಂದಿದಾನೆ ಕಣೇ..."

"ಆಫ್. ಮಾಡಿ."

ಮಾಡಿದರು. ಎರಡು ನಿಮಿಷದಲ್ಲಿ ಹೊಗೆ ತಿಳಿಯಾಯಿತು.

"ನೋಡಿದ್ಯಾ" ಎಂದರು ಕಂಪೌಂಡರು ನಿಟ್ಟುಸಿರು ಬಿಟ್ಟು, "ಬೆಂಕಿ ತಾನಾಗೇ ಆರಿಹೋಯ್ತು."

ಹುದ್ದೆ ಟೀಚರಮ್ಮನಿಗೇ ಬಂತು. ಸತ್ಯ ಕಂಪೌಂಡರಿಗೆ ಹೊಳೆದದ್ದು ಆ ಸಂಜೆ, ಮೇಜಿನ ಅಡಿಯಿಂದ ಪುಸ್ತಕ ತೆಗೆದು ಓದುವಾಗ. ಹೊಳೆದ ಮೇಲೆ ಹಿಗ್ಗಿಹೋದರು. ಹಾಗಾದರೆ ಈ ಕೆಲಸ ಕೊಡಿಸಿದ್ದು ತಾನೇ! ಹನ್ನೊಂದು ನಿಮಿಷ ಕಳೆದವನೂ ತಾನೇ, ಬಡ್ಡಿ ಸಮೇತ ತಂದುಕೊಟ್ಟವನೂ ತಾನೇ. ಇದನ್ನು ಹೆಂಡತಿಗೆ ನಾಲ್ಕು ಸಲ ಹೇಳಿದರು. ಅವಳು ನಾಲ್ಕು ಸಲವೂ "ಹ್ಞೂಂ" ಎಂದಳು.

ಟ್ಯಾಂಕು ತೊಳೆಸಿ, ಚೀಟಿ ಕಿತ್ತು, ಗಾಡಿಯನ್ನು ಮಿಂಚುವಂತೆ ಒರೆಸಿ, ಅವಳು ಅಧಿಕಾರ ವಹಿಸಿಕೊಂಡ ಮಾರನೆಯ ದಿನ ಹೊಸ ಮುಖ್ಯೋಪಾಧ್ಯಾಯಿನಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಗಾಡಿ ಒಂದು ಎಳೆ ಹೊಗೆ ಬಿಡದೆ ಓಡಿತು. ಗೇಟಿಗೆ ನೂರು ಮೀಟರ್ ಇರುವಾಗ ಶಾಲೆಯ ಕಾವಲುಗಾರ ಕೈ ಅಡ್ಡ ಹಿಡಿದ. ಪಕ್ಕದ ಕಂಬಕ್ಕೆ ಬಣ್ಣ ಇನ್ನೂ ಆರದ ಒಂದು ಬೋರ್ಡು. ಮೇಲ್ಗಡೆ ಮೋಟಾರ್‌ಸೈಕಲ್ಲಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಚಿತ್ರದ ಗಾಡಿಯ ಕ್ಯಾರಿಯರ್ ಕೂಡ ಕಂಪೌಂಡರ ಗಾಡಿಯದರಂತೆಯೇ ಎಡಕ್ಕೆ ವಾಲಿತ್ತು.

"ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಟೂ-ಸ್ಟ್ರೋಕ್ ವಾಹನಗಳಿಗೆ ಇಲ್ಲಿಂದ ಮುಂದೆ ಪ್ರವೇಶವಿಲ್ಲ" ಎಂದು ಓದಿದರು ಕಂಪೌಂಡರು. ಕೆಳಗೆ ಸಹಿ ಯಾರದೆಂದು ಓದಬೇಕಾಗಿರಲಿಲ್ಲ. ಆ ದುಂಡನೆಯ ಅಕ್ಷರದಲ್ಲೇ ಅವರಿಗೆ ದಿನಾ ಅಂಗಡಿ ಸಾಮಾನಿನ ಪಟ್ಟಿ ಸಿಗುತ್ತಿತ್ತು.

"ಇದೇನೇ ಇದು?"

"ಮೊದಲನೇ ಆಜ್ಞೆ" ಎಂದು ಮುಖ್ಯೋಪಾಧ್ಯಾಯಿನಿ ಇಳಿದು ಬಟ್ಟೆ ಕೊಡವಿಕೊಂಡಳು. "ನಾನಿಲ್ಲಿಂದ ನಡ್ಕೊಂಡು ಹೋಗ್ತೀನಿ. ಸಂಜೆ ಬರೋದು ಬೇಡ, ಬಸ್ಸಿದೆ."

"ನಾನು?"

"ನೀವು ಆ ತಿರುವಿನ ತನಕ ತಳ್ಕೊಂಡು ಹೋಗಿ. ಇಲ್ಲಿ ಸ್ಟಾರ್ಟ್ ಮಾಡ್ಬೇಡಿ." ಎರಡು ಹೆಜ್ಜೆ ಹೋದವಳು ತಿರುಗಿ, "ಮನೆ ಬೀಗ ಹಾಕಿದೀರ ತಾನೇ?" ಎಂದಳು.

ಕಂಪೌಂಡರು ಅಲ್ಲೇ ನಿಂತರು. ಈ ಸಂಭ್ರಮದಲ್ಲಿ ಅವರು ಬೀಗವನ್ನು ಒಂದು ಸಲವೂ ಜಗ್ಗಿರಲಿಲ್ಲ.