ವಾಚಿನ ದಾರಿ ಮತ್ತು ಹತ್ತು ಬಸ್ಕಿ

ಕಾಲಿನಲ್ಲಿ ನಡೆದು ನೋಡದ ದಾರಿಯನ್ನು ಯಾರೂ ವಾಚಿಗೆ ಹಾಕಬಾರದು. ಹಾಕಿ ಸಿಕ್ಕಿಬಿದ್ದವರು, ಸಿಕ್ಕಿಬಿದ್ದ ಜಾಗದಲ್ಲೇ ಹತ್ತು ಬಸ್ಕಿ ಹೊಡೆಯಬೇಕು.

ನಮ್ಮ ಭಾನುವಾರದ ನಡಿಗೆಯ ತಂಡಕ್ಕೆ ಇರುವುದು ಇದೊಂದೇ ನಿಯಮ. ಬರೆದವನು ನಾನು. ತಂಡದಲ್ಲಿ ಇರುವವರು ನಾಲ್ಕೇ ಜನ. ಆದರೂ ನಾನೂರು ಜನ ಸೇರಿ ಮುರಿಯುವಷ್ಟು ಸಲ ಅದು ಮುರಿಯುತ್ತಾ ಬಂದಿದೆ.

ನಾನು ಬಂಟ್ವಾಳದಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡುವ ಇಂಜಿನಿಯರ್. ಗೋಡೆ ಅರ್ಧ ಇಂಚು ಆಚೆ ಹೋದರೂ ಒಡೆಸುವವನು ಎಂದು ಮೇಸ್ತ್ರಿಗಳ ನಡುವೆ ಹೆಸರುಂಟು. ಎರಡನೆಯವರು ಕಲ್ಲಡ್ಕದಲ್ಲಿ ಹೋಟೆಲು ಇಟ್ಟಿರುವ ಧಣಿ. ಮೂರನೆಯವರು ಸಿದ್ಧಕಟ್ಟೆಯವರು, ಇಪ್ಪತ್ತು ವರ್ಷದಿಂದ ಕೊಲ್ಲಿಯಲ್ಲಿದ್ದು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವುದರಿಂದ ಊರವರ ಬಾಯಲ್ಲಿ ‘ದುಬೈಯವರು’. ನಾಲ್ಕನೆಯವರು ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನ ಪಿ.ಟಿ. ಟೀಚರ್. ಭಾನುವಾರವೂ ಅವರ ಕೊರಳಿನಲ್ಲಿ ಸೀಟಿ ಇರುತ್ತದೆ.

ನಾಲ್ಕು ವಾಚುಗಳನ್ನು ತಂದುಕೊಟ್ಟವರು ದುಬೈಯವರೇ. ಕಂಪ್ಯೂಟರಿನ ಭೂಪಟದಲ್ಲಿ ನಾವು ಒಂದು ದಾರಿ ಎಳೆದು ಕಳಿಸಿದರೆ ಅದು ಮಣಿಕಟ್ಟಿನ ಮೇಲೆ ತೆಳ್ಳಗಿನ ನೀಲಿ ಗೆರೆಯಾಗಿ ಬಂದು ಕೂರುತ್ತದೆ. ಒಂದು ಪುಟ್ಟ ಬಾಣ ಮುಂದೆ ಮುಂದೆ ಹೋಗುತ್ತದೆ. ದಾರಿ ತಪ್ಪಿದರೆ ವಾಚು ಗುಂಯ್ ಎಂದು ನಡುಗುತ್ತದೆ, ಸರಿದಾರಿಗೆ ಬರುವ ತನಕ ಬಿಡುವುದಿಲ್ಲ. ನನಗೆ ಅದರ ಸ್ವಭಾವ ಬಹಳ ಹಿಡಿಸಿತು.

ನಮ್ಮೆಲ್ಲರ ಆಸೆ ಒಂದೇ ಆಗಿತ್ತು. ಬಂಟ್ವಾಳದ ಹೊಳೆಬದಿಯಿಂದ ಹೊರಟು, ಸಿದ್ಧಕಟ್ಟೆ ದಾಟಿ, ಬೆಳ್ತಂಗಡಿ ತಾಲೂಕಿನ ಮೂಲೆ ತಾಗಿ, ಮೂಡುಬಿದಿರೆಗೆ ಹೋಗಿ ನಿಲ್ಲುವ ಒಂದು ಗೆರೆ. ಡಾಮರು ಬೇಡ. ಕಾಲುದಾರಿ, ಗದ್ದೆಯ ಬದುವಿನ ಹುಣಿ, ನೀರಿನ ತೋಡು ದಾಟುವ ಅಡಿಕೆ ಮರದ ಸಂಕ, ಇಷ್ಟೇ. ಬೆಳಗಾಗುವ ಮೊದಲು ಹೊರಟರೆ ದೀಪ ಹಚ್ಚುವ ಹೊತ್ತಿಗೆ ತಲುಪಬೇಕು. ದುಬೈಯವರಿಗಂತೂ ಅದೊಂದು ಹುಚ್ಚು. ಮರಳಿನ ಊರಿನಲ್ಲಿ ಕೂತು ಈ ಗೆರೆಯನ್ನು ಬೆರಳಲ್ಲಿ ಸವರುತ್ತಾ, “ಈ ಸಲದ ರಜೆಯಲ್ಲಿ ಆಗಲೇಬೇಕು ಸರ್. ಮುಂದಿನ ಸಲ ಮೊಣಕಾಲು ಕೇಳ್ಬೇಕಲ್ವಾ?” ಎಂದು ಫೋನು ಮಾಡುತ್ತಿದ್ದರು.

ಹಾಗಾಗಿ ಉಳಿದ ಮೂವರು ವರ್ಷವಿಡೀ ಆ ಗೆರೆಯನ್ನು ತುಂಡು ತುಂಡಾಗಿ ಜೋಡಿಸಲು ಹೊರಟೆವು.

ಅಡುಗೆಮನೆಯ ನಡುವಿನಿಂದ

ಮೊದಲ ತುಂಡು ಧಣಿಯದ್ದು. ಅವರು ಅದನ್ನು ಹೋಟೆಲಿನ ಗಲ್ಲಾದಲ್ಲಿ ಕೂತು, ಚಾ ಕುಡಿಯುವವರ ನಡುವೆ, ಫೋನಿನ ಮೇಲೆ ಬೆರಳಿನಿಂದ ಎಳೆದಿದ್ದರು. “ನಡೆದು ನೋಡಿದ್ದೀರಾ?” ಎಂದು ಕೇಳಿದೆ. “ನನ್ನದೇ ಊರಿನ ಹಾಗೆ ಸರ್” ಎಂದರು. ಇದು ಉತ್ತರ ಅಲ್ಲವೆಂದು ಆಗಲೇ ನನಗೆ ಹೊಳೆಯಬೇಕಿತ್ತು.

ಬೆಳಗಿನ ಮಂಜು. ಹೊಳೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಂತಹ ಬಿಳಿ. ಆ ಬಿಳಿಯೊಳಗೆ ಮೂವರು ಮಣಿಕಟ್ಟು ನೋಡುತ್ತಾ ನಡೆದೆವು. ಒಂದು ಅಂಗಳ ಬಂತು. ಗೆರೆ ಅಂಗಳ ದಾಟಿ, ಚಾವಡಿ ಹತ್ತಿ, ಮನೆಯೊಳಗೆ ನುಗ್ಗಿ, ಅಡುಗೆಮನೆ ಹಾಯ್ದು, ಹಿಂದಿನಿಂದ ಹೊರಬಿದ್ದಿತ್ತು.

ಧಣಿ ತಮ್ಮ ಬೆರಳನ್ನು ನೋಡಿಕೊಂಡರು. “ಬೆರಳು ಸ್ವಲ್ಪ ದಪ್ಪ ಆಯ್ತು ಮಾರಾಯ್ರೇ.”

ಅಷ್ಟರಲ್ಲಿ ಮನೆಯ ಅಜ್ಜಿ ಹೊರಗೆ ಬಂದರು. ಬೆಳ್ಳಂಬೆಳಿಗ್ಗೆ ಮೂವರು ಅಪರಿಚಿತರು ಕೈಯ ಯಂತ್ರ ನೋಡುವುದು, ಮನೆ ನೋಡುವುದು, ಮತ್ತೆ ಯಂತ್ರ ನೋಡುವುದು.

“ಸರ್ವೆಯವರಾ?” ಎಂದರು.

“ಅಲ್ಲ ಅಮ್ಮ, ಹೀಗೇ ನಡೆಯುವವರು.”

“ಹೀಗೇ ಯಾರು ನಡೀತಾರೆ? ಹೊಸ ರಸ್ತೆಗೆ ಅಂತ ನನಗೆ ಗೊತ್ತುಂಟು. ಕೂತ್ಕೊಳ್ಳಿ.” ಬೆಲ್ಲ, ನೀರು ಬಂತು. ಹಿಂದೆಯೇ ಎರಡು ದೊಡ್ಡ ಮುಳ್ಳುಸೌತೆ ಬಂತು. ಅಜ್ಜಿ ದನಿ ತಗ್ಗಿಸಿದರು. “ನೋಡಿ ಮಕ್ಕಳೇ, ಆಚೆ ಮನೆಯವರ ಜಾಗ ಅಗಲ ಉಂಟು. ಅವರ ಮಗ ಕಾರು ಬೇರೆ ತೆಗೊಂಡಿದ್ದಾನೆ. ರಸ್ತೆ ಅವರಿಗೇ ಬೇಕಾದ್ದು. ಸ್ವಲ್ಪ ಆಚೆಗೆ ಮಾಡಿ.”

ನಾನು ನಿಯಮದ ಪ್ರಕಾರ ಅದೇ ಅಂಗಳದಲ್ಲಿ ಧಣಿಯಿಂದ ಹತ್ತು ಬಸ್ಕಿ ಹೊಡೆಸಿದೆ. ಅಜ್ಜಿ ಗಾಬರಿಯಾದರು. “ಅಯ್ಯೋ, ನಾನು ಹೇಳಿದ್ದಕ್ಕೆ ಅವರಿಗೆ ಶಿಕ್ಷೆ ಕೊಡ್ಬೇಡಿ!”

ನಾವು ಗೆರೆಯನ್ನು ಮನೆಯಿಂದ ಸರಿಸಿ ಬೇಲಿಯ ಆಚೆಗಿನ ಕಾಲುದಾರಿಗೆ ತಂದೆವು. ಮುಂದಿನ ಭಾನುವಾರ ಆ ದಾರಿಯಲ್ಲಿ ಹೋಗುವಾಗ ಆಚೆ ಮನೆಯವರು ಗೇಟಿನಲ್ಲಿ ಕಾಯುತ್ತಿದ್ದರು. ಅವರ ಕೈಯಲ್ಲಿದ್ದದ್ದು ಹಲಸಿನಹಣ್ಣು.

ಬೆಕ್ಕುಗಳ ಮೆರವಣಿಗೆ

ಬಸ್ಕಿಯ ನೋವು ಧಣಿಯನ್ನು ತಿದ್ದಲಿಲ್ಲ, ಚುರುಕು ಮಾಡಿತು. ನಿಯಮದಲ್ಲಿ ‘ಕಾಲಿನಲ್ಲಿ ನಡೆದು’ ಎಂದುಂಟು, ಯಾರ ಕಾಲು ಎಂದಿಲ್ಲ ಎಂಬುದನ್ನು ಅವರು ಕಂಡುಹಿಡಿದರು. ಎರಡನೆಯ ತುಂಡು ಬಹಳ ಚಂದವಾಗಿ ಬಂತು. ಎಳೆದ ಗೆರೆಯಲ್ಲ, ವಾಚು ಕಟ್ಟಿಕೊಂಡು ಯಾರೋ ನಿಜವಾಗಿ ಹೋಗಿ ಬಂದದ್ದೆಂದು ಭೂಪಟವೇ ಹೇಳುತ್ತಿತ್ತು. ನಾನು ಮೆಚ್ಚಿ ನನ್ನ ವಾಚಿಗೂ ಟೀಚರ ವಾಚಿಗೂ ಹಾಕಿದೆ.

ಟೀಚರ್ ಮಾತ್ರ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, “ಇದೆಂತದು ಸರ್, ಪ್ರತಿಯೊಂದು ಓಣಿಗೂ ಒಳಗೆ ಹೋಗಿ ಹೊರಗೆ ಬಂದಿದೆ?” ಎಂದರು.

“ನೋಟ ಚಂದ ಉಂಟು ಅಲ್ಲಿ” ಎಂದರು ಧಣಿ.

ಹೊರಟೆವು. ಮೊದಲ ಓಣಿಗೆ ತಿರುಗಿದಾಗ ಕಂಪೌಂಡಿನ ಮೇಲೆ ಒಂದು ಬೆಕ್ಕು ಎದ್ದು ಮೈಮುರಿಯಿತು. ಎರಡನೆಯ ಓಣಿಯಲ್ಲಿ ಎರಡು. ಮಂಜಿನಲ್ಲಿ ಹೆಜ್ಜೆಯ ಸದ್ದೇ ಇಲ್ಲದೆ ಅವು ಗೋಡೆಗಳಿಂದ, ಸೌದೆಯ ರಾಶಿಯಿಂದ, ಬಾಳೆಬುಡದಿಂದ ಇಳಿದಿಳಿದು ಬಂದವು. ಬಾಲಗಳೆಲ್ಲ ನೆಟ್ಟಗೆ. ತಿರುಗಿ ನೋಡಿದರೆ ಹನ್ನೊಂದು ಬೆಕ್ಕುಗಳು ಸಾಲಾಗಿ, ಬಹಳ ಮರ್ಯಾದೆಯಿಂದ, ಧಣಿಯ ಎಡಗೈಯನ್ನೇ ನೋಡುತ್ತಾ ನಡೆಯುತ್ತಿದ್ದವು. ಕನಸೋ ಎಂದು ನನಗೆ ಅನಿಸಿದ್ದು ನಿಜ.

ಟೀಚರ್ ಹತ್ತಿರ ಹೋಗಿ ಧಣಿಯ ವಾಚಿನ ಪಟ್ಟಿಯನ್ನು ಮೂಸಿದರು. “ಬಂಗುಡೆ” ಎಂದರು.

ವಾಚು ಒಂದು ವಾರ ಸ್ಕೂಟರಿನಲ್ಲಿ ಮೀನು ಮಾರುವವರ ಕೈಯಲ್ಲಿತ್ತು. ಅವರು ಹೋದ ದಾರಿಯೇ ನಮ್ಮ ದಾರಿ. ನಿಂತ ಮನೆಗಳೇ ನಮ್ಮ ತಿರುವುಗಳು.

ಬಸ್ಕಿ ಅಲ್ಲೇ ಆಯಿತು. ಹನ್ನೊಂದು ಬೆಕ್ಕುಗಳು ಸುತ್ತ ಕೂತು ನೋಡಿದವು. ಧಣಿ ಕೂತಾಗಲೆಲ್ಲ ಕೈ ಕೆಳಗೆ ಬರುತ್ತಿತ್ತು. ಏಳನೆಯದಕ್ಕೆ ಅವುಗಳಲ್ಲಿ ಒಂದು ವಾಚನ್ನು ನೆಕ್ಕಿತು.

ಬಾಣ ಸಮುದ್ರದ ಕಡೆಗೆ

ಡಿಸೆಂಬರಿನಲ್ಲಿ ದುಬೈಯವರು ರಜೆಯಲ್ಲಿ ಬಂದರು. ಬಂದ ದಿನವೇ ಒಂದು ಸಂಗತಿ ಹೇಳಿದರು. ನಾವು ಜೋಡಿಸುತ್ತಿದ್ದ ದಾರಿಯನ್ನು ಅವರು ಅಲ್ಲಿಯೇ ತಮ್ಮ ವಾಚಿಗೂ ಹಾಕಿಕೊಂಡಿದ್ದರಂತೆ. ವಾಚು ಕೇಳಿತಂತೆ: ‘ನೀವು ಆರಂಭದ ಸ್ಥಳದಿಂದ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ದೂರ ಇದ್ದೀರಿ. ಅಲ್ಲಿಗೆ ಕರೆದೊಯ್ಯಲೇ?’

“ಹೂಂ ಅಂತ ಒತ್ತಿದೆ ಸರ್. ಬಾಣ ಸಮುದ್ರದ ಕಡೆಗೆ ತಿರುಗಿತು.”

“ಆಮೇಲೆ?”

“ಆಮೇಲೆಂತ, ನಡೆದೆ. ದಡ ಮುಗಿಯುವ ತನಕ ನಡೆದೆ. ಕಾಲು ಒದ್ದೆ ಆಗುವಾಗ ನಾಚಿಕೆ ಆಯ್ತು, ವಾಪಸು ಬಂದೆ.”

ಬಾಣ ತೋರಿಸಿದಲ್ಲೆಲ್ಲ ಕಾಲಿಡಬೇಡಿ ಎಂದು ನಾನು ಆ ದಿನವೇ ಅವರಿಗೆ ಹೇಳಬೇಕಿತ್ತು. ಏಕೆಂದರೆ ಮೂರನೆಯ ತುಂಡನ್ನು ಅವರು ಅಲ್ಲಿಂದಲೇ ಎಳೆದು ತಂದಿದ್ದರು. ಉಪಗ್ರಹದ ಚಿತ್ರದಲ್ಲಿ ತೋಟಗಳ ನಡುವೆ ಬೆಳ್ಳಗೆ, ಅಗಲವಾಗಿ, ಬಳುಕುತ್ತಾ ಹೋಗುವ ಮಣ್ಣಿನ ದಾರಿ. ನಮಗೂ ಆಸೆಯಾಯಿತು. ಟೀಚರ್ “ನಡೆದು ನೋಡುವ ಮೊದಲು” ಎಂದು ಶುರು ಮಾಡಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಹೋಗಿ ನೋಡಿದರೆ ಅದು ದಾರಿಯಲ್ಲ, ತೋಡು. ಚಿತ್ರ ತೆಗೆದದ್ದು ಬಿರುಬೇಸಿಗೆಯಲ್ಲಿ, ನೀರು ಬತ್ತಿ ಮರಳು ಮಾತ್ರ ಇರುವಾಗ. ನಾವು ಹೋದದ್ದು ಊರವರು ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ ನೀರು ನಿಲ್ಲಿಸಿದ ಮೇಲೆ. ನೀರು ಕನ್ನಡಿಯ ಹಾಗೆ ನಿಂತಿತ್ತು. ಮರಗಳು ಅದರೊಳಗೆ ತಲೆಕೆಳಗಾಗಿ ಬೆಳೆದಿದ್ದವು. ಮೋಡ ಅವುಗಳ ಬುಡದಲ್ಲಿ ಹಾಯುತ್ತಿತ್ತು.

“ವಾಚು ನೇರ ಅಂತ ಹೇಳ್ತಾ ಉಂಟು” ಎಂದರು ದುಬೈಯವರು, ಮತ್ತು ಇಳಿದುಬಿಟ್ಟರು. ಮೊಣಕಾಲು, ಸೊಂಟ, ಆಮೇಲೆ ಎದೆ. ಕೈ ಬಡಿಯತೊಡಗಿದರು. ವಾಚು ಸಂತೋಷದಿಂದ ಗುಂಯ್ ಎಂದಿತು: ‘ನೀವು ಈಜುತ್ತಿರುವಂತಿದೆ. ದಾಖಲಿಸಲೇ?’

ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದವರೊಬ್ಬರು ಕತ್ತಿ ಕೆಳಗಿಟ್ಟು ಶಾಂತವಾಗಿ ಹೇಳಿದರು: “ಅಣ್ಣ, ದಾರಿ ಇಲ್ಲಿ ಮೇಲೆ ಉಂಟು. ಮೀಯುವುದಾದರೆ ಸಾಬೂನು ತಂದುಕೊಡ್ಲಾ?”

ಅವರ ಬಸ್ಕಿಯನ್ನು ಸಂಕದ ಮೇಲೆ ಮಾಡಿಸಿದೆ. ಶೂ ಒಳಗಿನಿಂದ ಪ್ರತಿ ಸಲವೂ ಒಂದು ಕಪ್ಪೆಯ ಸ್ವರ ಬರುತ್ತಿತ್ತು. ಹತ್ತನೆಯ ಬಸ್ಕಿಗೆ ಕಪ್ಪೆಯೇ ಹೊರಗೆ ಬಂತು.

ಕೊನೆಯ ಗುಡ್ಡ

ದುಬೈಯವರ ರಜೆಯಲ್ಲಿ ಉಳಿದದ್ದು ಒಂದೇ ಭಾನುವಾರ. ಮಂಗಳವಾರ ಅವರ ವಿಮಾನ. ಎಲ್ಲ ತುಂಡುಗಳೂ ಆಗಿದ್ದವು, ಕೊನೆಯದೊಂದು ಬಿಟ್ಟು: ಪುತ್ತಿಗೆ ಕಡೆಯ ಗುಡ್ಡದಿಂದ ಮೂಡುಬಿದಿರೆಗೆ ಇಳಿಯುವ ಮೂರು ಕಿಲೋಮೀಟರು. ಅದು ನನ್ನ ಪಾಲಿನದ್ದು. ಆ ವಾರ ನಾನು ಕಟ್ಟಿಸಿದ ಎರಡು ಮನೆಗಳ ಗೃಹಪ್ರವೇಶ ಇತ್ತು. ನಾನು ಹಳೆಯ ಭೂಪಟ ತೆಗೆದು, ಎತ್ತರದ ಗೆರೆಗಳನ್ನು ಓದಿ, ಮೇಜಿನ ಮೇಲೆ ಅಚ್ಚುಕಟ್ಟಾಗಿ ಎಳೆದೆ. ಅಷ್ಟು ನಯವಾದ ಗೆರೆ ಇಡೀ ದಾರಿಯಲ್ಲಿ ಇನ್ನೊಂದಿರಲಿಲ್ಲ.

ಶನಿವಾರ ಟೀಚರ್ ಫೋನು ಮಾಡಿದರು. “ಕೊನೆಯ ತುಂಡು ಆಗಿದೆಯಾ ಸರ್?”

“ಆಗಿದೆ” ಎಂದೆ. ಎಳೆದು ಆಗಿತ್ತು. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಎಲ್ಲವೂ ನಾವು ಬಯಸಿದ ಹಾಗೆಯೇ ನಡೆಯಿತು. ಅಜ್ಜಿ ಮುಳ್ಳುಸೌತೆ ಕೊಟ್ಟರು. ಮಧ್ಯಾಹ್ನ ಒಂದು ಗೋಳಿಮರದ ಕಟ್ಟೆಯಲ್ಲಿ ಧಣಿ ತಂದ ಅಕ್ಕಿ ಕಡುಬು, ಪುಂಡಿ, ತಿಂದೆವು. ದುಬೈಯವರದ್ದು ಒಂದೇ ಕೆಲಸ. ಸುಮ್ಮನೆ ಮಣಿಕಟ್ಟು ನೋಡುವುದು, ಎದುರು ನೋಡುವುದು, ನಗುವುದು. ಗೆರೆಯೊಳಗೆ ನಾವು ನಡೆಯುತ್ತಿದ್ದೇವೋ, ಗೆರೆ ನಮ್ಮೊಳಗೆ ನಡೆಯುತ್ತಿದೆಯೋ ತಿಳಿಯದಂತಹ ಹಗಲು ಅದು. ಗುಡ್ಡದ ಬುಡಕ್ಕೆ ಬರುವಾಗ ಬಿಸಿಲು ಹಳದಿಯಾಗಿತ್ತು.

ಅಲ್ಲಿ ಟೀಚರ ವಾಚು ಒಂದು ಸಣ್ಣ ರಾಗ ಹಾಡಿತು. ದಾರಿ ಮುಗಿದಾಗ ಹಾಡುವ ರಾಗ.

“ಇದೆಂತ, ಇನ್ನೂ ಮೂರು ಕಿಲೋಮೀಟರು ಉಂಟಲ್ಲ?” ಎಂದರು ಧಣಿ.

“ನಾನು ನಡೆದದ್ದು ಇಲ್ಲಿಯವರೆಗೆ ಮಾತ್ರ. ಅಷ್ಟನ್ನೇ ಹಾಕಿಕೊಂಡಿದ್ದೇನೆ” ಎಂದು ಟೀಚರ್ ಕಲ್ಲಿನ ಮೇಲೆ ಕೂತರು.

“ಟೀಚರ್, ಅದು ನಾನು ಮಾಡಿದ ದಾರಿ. ನಾನು!” ಎಂದೆ.

“ನಡೆದಿದ್ದೀರಾ ಸರ್?”

ದುಬೈಯವರು ನನ್ನ ಮುಖ ನೋಡಿದರು. ಸೂರ್ಯನನ್ನು ನೋಡಿದರು. “ಹೊತ್ತು ಹೋಗ್ತದೆ ಟೀಚರ್, ಹೋಗುವ” ಎಂದರು, ಅಳುವ ಸ್ವರದಲ್ಲಿ. ಟೀಚರ್ ಏಳಲಿಲ್ಲ. ನಾವು ಮೂವರು ಹೊರಟೆವು.

ಹತ್ತು ನಿಮಿಷ ಹುಲ್ಲಿನಲ್ಲಿ ನಡೆದಿರಬಹುದು. ಧಣಿ ಇದ್ದಕ್ಕಿದ್ದಂತೆ ನನ್ನ ಅಂಗಿ ಹಿಡಿದು ಎಳೆದರು. ಹುಲ್ಲು ಅಲ್ಲಿಗೆ ಮುಗಿದಿತ್ತು. ಕೆಂಪು ಕಲ್ಲು ಕೊಯ್ದು ತೆಗೆದ ಕೋರೆ. ನಾಲ್ಕೂ ಕಡೆ ಗರಗಸದಲ್ಲಿ ಕೊಯ್ದ ಗೋಡೆ, ಮೂರು ಆಳು ಆಳ, ತಳದಲ್ಲಿ ಹಸಿರು ನೀರು, ನೀರಿನಲ್ಲಿ ಸಂಜೆಯ ಆಕಾಶ. ಅಷ್ಟು ನೇರವಾದ ಗೋಡೆಯನ್ನು ನನ್ನ ಜೀವಮಾನದಲ್ಲಿ ಯಾವ ಮೇಸ್ತ್ರಿಯೂ ಕಟ್ಟಿಕೊಟ್ಟಿಲ್ಲ. ವಾಚಿನ ಬಾಣ ಅಂಚಿನಿಂದಾಚೆ, ಗಾಳಿಯಲ್ಲಿ, ನೆಟ್ಟಗೆ ಮೂಡುಬಿದಿರೆಯನ್ನು ತೋರಿಸುತ್ತಿತ್ತು.

ತಿರುಗಿ ಬಂದೆವು. ಟೀಚರ್ ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸನ್ನು ನಿಲ್ಲಿಸಿ ಮಾತಾಡುತ್ತಿದ್ದರು. “ಗುಡ್ಡದ ಬುಡದಲ್ಲೇ ದಾರಿ ಉಂಟಂತೆ ಸರ್. ಇವರೂ ಅತ್ತಲೇ ಹೋಗುವುದು, ಮುಂದೆ ನಡೀತಾರೆ. ದೀಪ ಹಚ್ಚುವ ಮೊದಲು ಮುಟ್ಟಬಹುದು.”

ದುಬೈಯವರ ಮುಖ ಬೆಳಗಿತು. ನಾನು ಹೊರಡಲು ಕಾಲೆತ್ತಿದೆ.

ಟೀಚರ ಸೀಟಿ ಕೂಗಿತು.

ನಿಯಮ ನನ್ನದೇ. ಸಿಕ್ಕಿಬಿದ್ದ ಜಾಗದಲ್ಲೇ. ನಲವತ್ತು ಕಿಲೋಮೀಟರು ನಡೆದ ಕಾಲಿನಲ್ಲಿ ನಾನು ಕಿವಿ ಹಿಡಿದುಕೊಂಡು ಶುರು ಮಾಡಿದೆ. ಹುಲ್ಲಿನ ಹೆಂಗಸು ಹೊರೆ ಇಳಿಸಿ ಆರಾಮವಾಗಿ ಕೂತರು. “ನೀವು ಇವರಿಗೆ ಎಂತ ಆಗ್ಬೇಕು?” ಎಂದು ಟೀಚರನ್ನು ಕೇಳಿದರು. “ಎಂಟು, ಒಂಬತ್ತು, ಹತ್ತು” ಎಂದು ನಾನು ಎಣಿಸಿ ಮುಗಿಸಿದೆ.

“ಒಂಬತ್ತು” ಎಂದರು ಟೀಚರ್. “ನಾಲ್ಕನೆಯದರಲ್ಲಿ ಮೊಣಕಾಲು ಪೂರ್ತಿ ಮಡಚಲಿಲ್ಲ ಸರ್. ಅರ್ಧ ಇಂಚು ಬಾಕಿ.”

ಮೂಡುಬಿದಿರೆಯ ಪೇಟೆಯಲ್ಲಿ ಮೊದಲ ದೀಪ ಹತ್ತುವಾಗ ನಾವು ತಲುಪಿದೆವು. ಕೊನೆಯ ಮೂರು ಕಿಲೋಮೀಟರು ಮೂವರ ವಾಚೂ ‘ದಾರಿ ತಪ್ಪಿದ್ದೀರಿ’ ಎಂದು ನಡುಗುತ್ತಲೇ ಇತ್ತು. ದುಬೈಯವರು ಅದನ್ನು ಗಮನಿಸಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಕಣ್ಣೊರಸಿಕೊಳ್ಳುತ್ತಿದ್ದರು. ಟೀಚರು ದಾಖಲಿಸಿದ ಹೊಸ ದಾರಿಯನ್ನು ಕೂಡಲೇ ತಮಗೆ ಕಳಿಸಬೇಕೆಂದರು. ಟೀಚರ್ ಒಪ್ಪಲಿಲ್ಲ. ಸೋಮವಾರ ಶಾಲೆಗೆ ರಜೆ ಹಾಕಿ, ಹಗಲಿನ ಬೆಳಕಿನಲ್ಲಿ ಆ ಮೂರು ಕಿಲೋಮೀಟರನ್ನು ಮತ್ತೊಮ್ಮೆ ನಡೆದು, ಆಮೇಲೆ ಇಡೀ ದಾರಿಯನ್ನು ನಾಲ್ವರಿಗೂ ಕಳಿಸಿದರು.

ನಾನು ಹಾಸಿಗೆಯಲ್ಲಿ ಮಲಗಿಯೇ ಅದನ್ನು ತೆರೆದೆ. ನೀಲಿ ಗೆರೆ ಹೊಳೆಯಿಂದ ಪೇಟೆಯವರೆಗೆ ಒಂದೇ ಎಳೆಯಾಗಿ ಮಲಗಿತ್ತು. ಅಲ್ಲಲ್ಲಿ ಟೀಚರ್ ಗುರುತು ಹಾಕಿದ್ದರು. ಆ ಜಾಗ ಹತ್ತಿರ ಬಂದಾಗ ವಾಚು ನಡುಗಿ ಓದಿ ಹೇಳುವಂತಹ ಗುರುತುಗಳು. ‘ಕುಡಿಯುವ ನೀರು.’ ‘ಅಜ್ಜಿ ಮನೆ.’ ‘ನಾಯಿ ಉಂಟು, ಕಚ್ಚುವುದಿಲ್ಲ.’ ಗುಡ್ಡದ ಬುಡದಲ್ಲಿ: ‘ಇಂಜಿನಿಯರ್ ಸರ್ ಬಸ್ಕಿ ಹೊಡೆದ ಜಾಗ.’

ಕೂಡಲೇ ಫೋನು ಮಾಡಿದೆ. ಅದನ್ನು ಅಳಿಸಬೇಕು, ಮುಂದೆ ಈ ದಾರಿಯನ್ನು ಯಾರು ಯಾರೋ ಹಾಕಿಕೊಳ್ಳುತ್ತಾರೆ, ನನ್ನ ಮೇಸ್ತ್ರಿಗಳೂ ಹಾಕಿಕೊಂಡಾರು ಎಂದೆ.

“ಅಲ್ಲಿಗೆ ಕಾಲಲ್ಲೇ ಹೋಗಿ, ಕಣ್ಣಾರೆ ನೋಡಿ ಹಾಕಿದ್ದು ಸರ್” ಎಂದರು ಟೀಚರ್. “ನಿಯಮದ ಪ್ರಕಾರ ಉಂಟು. ಅಳಿಸುವುದಿಲ್ಲ.”